ಮುಖ್ತಿಯಾರ್ ಕಾಗದದ ಕೊನೆಯ ನಾಲ್ಕು ದಿನ

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನನ್ನ ಮನೆಗೂ ಆಪಾನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆಚೆ ಒಗ್ಗರಣೆ ಬಿದ್ದರೆ ಈಚೆ ನನಗೆ ಸೀನು ಬರುತ್ತದೆ. ಈಚೆ ನನ್ನ ಹೊಲಿಗೆ ಮಷೀನು ತಟ್ಟನೆ ನಿಂತರೆ, ಯಾಕ ಬಾಯಿ, ದಾರ ಹರೀತೇನು ಎಂದು ಆಚೆಯಿಂದ ಆಕೆ ಕೇಳುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಹೀಗೆಯೇ. ಆಕೆ ನನಗಿಂತ ಆರು ವರ್ಷ ದೊಡ್ಡವಳು, ಹಾಗಾಗಿ ಆಪಾ, ಅಂದರೆ ಅಕ್ಕ. ನಾನು ಆಕೆಗೆ ಬಾಯಿ. ಹೆಸರು ಹಿಡಿದು ಒಬ್ಬರನ್ನೊಬ್ಬರು ಕರೆದದ್ದಿಲ್ಲ.

ಆಕೆಯ ಹೆಸರನ್ನು ನಾನು ಮೊದಲ ಸಲ ಪೂರ್ತಿಯಾಗಿ ಬರೆದದ್ದು ಒಂದು ಸರಕಾರಿ ಕಾಗದದ ಮೇಲೆ, ಆಕೆಯ ಬದಲಿಗೆ ಸಹಿ ಮಾಡುವಾಗ. ಎರಡು ವರ್ಷವಾಯಿತು. ಅದನ್ನು ಬರೆದಿಡಬೇಕೆಂದು ಎಷ್ಟೋ ಸಲ ಕುಳಿತೆ. ಗೋಡೆಯಾಚೆ ಆಕೆ ತಾಟು ಇಡುವ ಸದ್ದು ಕೇಳಿತೆಂದರೆ ಪೆನ್ನು ಕೆಳಗಿಟ್ಟುಬಿಡುತ್ತಿದ್ದೆ.

ಆಪಾನ ಗಂಡ ಹುಮನಾಬಾದಿನಲ್ಲಿ ಹೆದ್ದಾರಿಯ ಬದಿಗೆ ಲಾರಿಗಳ ಕಮಾನು ರಿಪೇರಿಯ ಅಂಗಡಿ ಇಟ್ಟಿದ್ದರು. ಲಾರಿಯ ಅಡಿಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕೂಡಿಸಿ ಕಟ್ಟಿರುತ್ತಾರೆ. ಭಾರಕ್ಕೆ ಅವು ಸಪಾಟಾದರೆ ಬಿಚ್ಚಿ, ಕಾಸಿ, ಬಡಿದು ಮತ್ತೆ ಬಾಗು ಕೊಡಬೇಕು. ಮೂವತ್ತು ವರ್ಷ ಅವರು ಅದೊಂದೇ ಕೆಲಸ ಮಾಡಿದರು. ಬೆಳಿಗ್ಗೆ ಎಂಟಕ್ಕೆ ಅವರ ಬೈಕು ಶುರುವಾಯಿತೆಂದರೆ ನಾನು ಅನ್ನಕ್ಕೆ ಇಡುತ್ತಿದ್ದೆ. ಆ ಅಂಗಡಿಯ ಜಾಗ ಮಾತ್ರ ಆಪಾನ ಹೆಸರಿನಲ್ಲಿತ್ತು. ಮದುವೆಯಲ್ಲಿ ಆಕೆಗೆ ಮೆಹರ್ ಎಂದು ಬಂದ ಚಿನ್ನ ಮುರಿಸಿ ಕೊಂಡ ಜಾಗ ಅದು. ಅವಳದು ಅವಳದೇ ಆಗಿರಲಿ ಎಂದು ಅವರೇ ಹಾಗೆ ಬರೆಸಿದ್ದರಂತೆ. ಮಕ್ಕಳಿರಲಿಲ್ಲ. ಆಪಾ ಮೂವತ್ತು ವರ್ಷದಲ್ಲಿ ಆ ಅಂಗಡಿ ನೋಡಿದ್ದು ಎರಡೇ ಸಲ, ಅದೂ ಬಸ್ಸಿನ ಕಿಟಕಿಯಿಂದ.

ಮುಂಗಾರು ಬಿದ್ದು ಸುತ್ತಲಿನ ಹೊಲಗಳಲ್ಲಿ ಸೋಯಾ ಬಿತ್ತುತ್ತಿದ್ದ ವಾರ ಅವರು ತೀರಿಕೊಂಡರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕುಳಿತವರು ಹಾಗೇ ಗೋಡೆಗೆ ಒರಗಿದರಂತೆ. ಮರುದಿನದಿಂದ ಆಪಾ ಇದ್ದತ್ ಕುಳಿತಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಣ್ಣು ಮನೆಯ ಹೊಸ್ತಿಲು ದಾಟಬಾರದು, ಬಳೆ ಬಣ್ಣ ಇಲ್ಲ, ಪರಗಂಡಸರ ಎದುರು ಬರುವಂತಿಲ್ಲ. ಅವರ ಪೈಕಿ ಹಿರಿಯರೊಬ್ಬರು, ಜರೂರು ಕೆಲಸಕ್ಕೆ ಹಗಲಿನಲ್ಲಿ ಹೋಗಿ ಬರಬಹುದು, ಅದಕ್ಕೆ ಅಡ್ಡಿಯಿಲ್ಲ ಎಂದು ಹೇಳಿ ಕಳಿಸಿದ್ದರು. ಆಪಾ ಒಪ್ಪಲಿಲ್ಲ. ಅವರು ಇಷ್ಟು ವರ್ಷ ನನಗಾಗಿ ಓಡಾಡಿದರು, ನಾನು ಅವರಿಗಾಗಿ ಇಷ್ಟು ದಿನ ಕೂಡಲಾರೆನೇ ಎಂದಳು.

ಅಂಗಡಿಯದು ಒಂದು ವಾರದಲ್ಲೇ ಶುರುವಾಯಿತು. ಬೀಗ ಹಾಕಿದ ಜಾಗವನ್ನು ಕೇಳಿಕೊಂಡು ಮಂದಿ ಬರತೊಡಗಿದರು. ಕರೆಂಟಿನ ಬಿಲ್ಲು, ಪುರಸಭೆಯ ನೋಟೀಸು, ಬ್ಯಾಂಕಿನ ಕಾಗದ. ಹುಮನಾಬಾದಿನಲ್ಲಿ ಇಬ್ಬರು ಮೈದುನರಿದ್ದರು, ಅಂಗಡಿ ಹಿಡಿಯಲು ಇಬ್ಬರೂ ತಯಾರಾಗಿದ್ದರು. ಒಂದು ಮಧ್ಯಾಹ್ನ ಆಪಾ ನನ್ನನ್ನು ಒಳಗೆ ಕರೆದು ಕೂಡಿಸಿದಳು.

"ನನ್ನ ಬದ್ಲಿ ನೀ ಓಡಾಡ್ತೀಯೇನು? ಮುಖ್ತಿಯಾರ್ ಕಾಗದ ಮಾಡಿ ಕೊಡ್ತೀನಿ. ಬ್ಯಾಂಕಿಂದು, ಅಂಗಡಿದು, ಎಲ್ಲಾ."

ನಿಮ್ಮ ಮೈದುನರಿದ್ದಾರಲ್ಲ, ನಾನ್ಯಾಕೆ ಎಂದೆ.

"ಮೈದುನರೊಳಗ ಒಬ್ಬಂವಗ ಕೊಟ್ರ ಇನ್ನೊಬ್ಬಂವ ಮುಖಾ ತಿರುವ್ತಾನ. ನಿನಗ ಕೊಟ್ರ ಇಬ್ಬರೂ ತಿರುವ್ತಾರ. ಅದು ಛಲೋ ಅದ." ಗಂಡ ಸತ್ತ ಮೇಲೆ ಆಕೆ ಮೊದಲ ಸಲ ನಕ್ಕದ್ದು ಆಗಲೇ. ಆಮೇಲೆ ಹೇಳಿದಳು, "ನೀ ಎಲ್ಲಾ ಬರದಿಡ್ತಿ. ನಿನಗ ಮರಿಯಂಗಿಲ್ಲ."

ಬರೆದಿಡುತ್ತೇನೆ ಎಂಬುದು ಖರೆ. ನಮ್ಮ ಅಡುಗೆಮನೆಯ ಗೋಡೆಗಿರುವ ದೊಡ್ಡ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲು ಬಾರದ ದಿನ, ಸಿಲಿಂಡರ್ ಬದಲಿಸಿದ ದಿನ, ಯಾರ ಜಂಪರ್ ಯಾವಾಗ ಕೊಡಬೇಕು, ಯಾರು ಬಂದು ಹೋದರು ಎಲ್ಲ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮ ಮನೆಯವರು ಮಾತ್ರ, ಎರಡನೆಯವರ ಕಾಗದದಲ್ಲಿ ಕೈ ಇಡಬೇಡ ಎಂದರು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕಾಗದದ ಭಯ ಅವರಿಗೆ ಗೊತ್ತು. ನಾನು ಕೇಳಲಿಲ್ಲ. ನನ್ನನ್ನು ಆರಿಸಿದ್ದಾಳೆ ಎಂಬ ಖುಷಿ ಒಳಗೆ ಇತ್ತು, ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ದಸ್ತಾವೇಜು ಬರೆಯುವವ ಮನೆಗೇ ಬಂದ. ಪಡಸಾಲೆಯಲ್ಲಿ ಕುಳಿತು ಅವನು ಕೇಳಿದ್ದನ್ನು ನಾನು ಒಳಗೆ ಹೋಗಿ ಆಪಾನಿಗೆ ಕೇಳುವುದು, ಆಕೆ ಹೇಳಿದ್ದನ್ನು ಹೊರಗೆ ಬಂದು ಹೇಳುವುದು. ಅಂಗಡಿಯ ಜಾಗ ಮಾರುವ ಅಧಿಕಾರವೂ ಇರಲೇ ಎಂದು ಅವನು ಕೇಳಿದ. ಇರಲಿ ಎಂದಳು. ಅವರು ಕೊನೆಯ ಡಬ್ಬಿ ಬಿಚ್ಚಿದ ಜಾಗ ನನಗ್ಯಾಕೆ ಬೇಕು, ಒಳ್ಳೆಯ ಗಿರಾಕಿ ಬಂದರೆ ಕೊಟ್ಟುಬಿಡು, ನನಗೆ ಕೇಳಿ ಕೊಡು ಎಂದಳು. ಎಲ್ಲಿಯವರೆಗೆ ಎಂದು ಅವನು ಕೇಳಿದ. ನಾನು ಹೊರಗೆ ಬರುವ ತನಕ, ಅಷ್ಟೇ ಎಂದಳು.

"ಇದ್ದತ್ ಅಂದ್ರ ಆಫೀಸಿನ ಕಂಪ್ಯೂಟರಿಗೆ ತಿಳಿಯಂಗಿಲ್ರಿ," ಅವನು ನಕ್ಕ. "ತಾರೀಖ ಹೇಳ್ರಿ."

ನಾನು ನನ್ನ ಅಡುಗೆಮನೆಗೆ ಹೋಗಿ ಕ್ಯಾಲೆಂಡರಿನ ಮುಂದೆ ನಿಂತೆ. ಅವರು ತೀರಿಕೊಂಡ ದಿನದ ಮೇಲೆ ಬೆರಳಿಟ್ಟು, ಹಾಳೆ ತಿರುವುತ್ತ ನಾಲ್ಕು ತಿಂಗಳು ದಾಟಿ, ಅಲ್ಲಿಂದ ಹತ್ತು ಚೌಕ ಎಣಿಸಿದೆ. ಒಂದು ಶುಕ್ರವಾರ ಬಂತು. ಬಂದು ಹೇಳಿದೆ. ಅವನು ಬರೆದುಕೊಂಡ. ಒಳಗಿದ್ದ ಆಪಾನಿಗೆ ಆ ತಾರೀಖನ್ನು ನಾನು ಓದಿ ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಆಕೆ ಲೆಕ್ಕ ನೋಡುತ್ತಿರಲಿಲ್ಲ, ಲೆಕ್ಕ ನನಗೆ ಬಿಟ್ಟಿದ್ದಳು.

ನೋಂದಣಿಗೆ ಕಚೇರಿಯವರೇ ಮನೆಗೆ ಬಂದರು. ಹಾಗೆ ಬರಬಹುದು, ಅದಕ್ಕೆ ಬೇರೆ ಶುಲ್ಕವಿದೆ. ಆ ವರ್ಷ ಅಧಿಕಾರಿ ಹೆಂಗಸಾಗಿದ್ದರಿಂದ ಅನುಕೂಲವಾಯಿತು. ಆಕೆ ಒಳಗೆ ಹೋಗಿ ಆಪಾನ ಎದುರು ಕುಳಿತು, ಇದನ್ನು ಯಾರ ಒತ್ತಾಯಕ್ಕೂ ಮಾಡುತ್ತಿಲ್ಲವಲ್ಲ ಎಂದು ಎರಡು ಸಲ ಕೇಳಿದರು. ಆಪಾ ಉರ್ದುವಿನಲ್ಲಿ ತಿದ್ದಿ ತಿದ್ದಿ ಸಹಿ ಮಾಡಿದಳು. ಕಾಗದದ ಮೇಲೆ ನಮ್ಮಿಬ್ಬರ ಫೋಟೋ ಅಕ್ಕಪಕ್ಕ ಬಂದವು. ಅವಳದು ಬಿಳಿ ದುಪಟ್ಟಾದಲ್ಲಿ, ನನ್ನದು ಕುಂಕುಮ ಹಚ್ಚಿಕೊಂಡು.

ವಾರಕ್ಕೊಮ್ಮೆ ಹುಮನಾಬಾದಿಗೆ ಹೋಗುತ್ತಿದ್ದೆ. ಬಂಗ್ಲಾದ ಹತ್ತಿರ ಬಸ್ಸು ಹೆದ್ದಾರಿಗೆ ಹತ್ತಿ, ರಾಜೇಶ್ವರ ದಾಟಿ, ಮುಕ್ಕಾಲು ಗಂಟೆಯ ದಾರಿ. ಬ್ಯಾಂಕು, ವಿದ್ಯುತ್ ಕಚೇರಿ, ಆಮೇಲೆ ಅಂಗಡಿ. ಅಲ್ಲಿ ಹಳೇ ಕೆಲಸಗಾರನೊಬ್ಬನಿದ್ದ, ಘಾಟಬೋರಾಳದವನು, ಅರವತ್ತು ದಾಟಿದ ಮಿಸ್ತ್ರಿ. ಆಪಾನ ಗಂಡನ ಜೊತೆಯಲ್ಲೇ ಕೂದಲು ಬೆಳ್ಳಗಾದವನು. ಒಪ್ಪಿಕೊಂಡಿದ್ದ ನಾಲ್ಕಾರು ಲಾರಿಗಳ ಕೆಲಸ ಮುಗಿಸಿಕೊಟ್ಟು ಅವನು ಊರಿಗೆ ಹೋದ. ಬೇಕೆಂದರೆ ಕರೆಯಿರಿ, ಬರುತ್ತೇನೆ ಎಂದಿದ್ದ. ಅಲ್ಲಿಂದ ಮುಂದೆ ಶಟರ್ ಎತ್ತುವವಳು ನಾನೊಬ್ಬಳೇ.

ಶಟರ್ ಎತ್ತುವ ಮೊದಲು ನಾನು ಕೆಮ್ಮುತ್ತಿದ್ದೆ. ಗಂಡಸರಿರುವ ಮನೆಗೆ ಹೋಗುವಾಗ ಬಾಗಿಲಲ್ಲಿ ಕೆಮ್ಮುತ್ತೇವಲ್ಲ, ಹಾಗೆ. ಯಾಕೆಂದು ನನಗೇ ಗೊತ್ತಿರಲಿಲ್ಲ. ಒಳಗೆ ಆಯಿಲ್ಲಿನ ವಾಸನೆ, ಕಬ್ಬಿಣದ ತಂಪು. ಲಾರಿಯ ಕೆಳಗೆ ಇಳಿದು ಕೆಲಸ ಮಾಡಲು ನೆಲದಲ್ಲಿ ಒಂದು ಉದ್ದನೆಯ ಹೊಂಡ ಇತ್ತು, ಆಳು ಎತ್ತರದ್ದು. ಹೊರಗೆ ಬಿರುಬಿಸಿಲಿದ್ದಾಗಲೂ ಅದರೊಳಗೆ ಕತ್ತಲೆ. ನಾನು ಅದರ ಹತ್ತಿರ ಹೋಗುತ್ತಿರಲಿಲ್ಲ, ಬೆನ್ನು ಮಾಡಿಯೂ ನಿಲ್ಲುತ್ತಿರಲಿಲ್ಲ. ಮೀಟರ್ ಬರೆದುಕೊಂಡು, ಬಂದ ಗಿರಾಕಿಗೆ ಜಾಗ ತೋರಿಸಿ, ಇನ್ನು ಬರ್ತೀನ್ರಿ ಎಂದು ಬಾಯಿಬಿಟ್ಟು ಹೇಳಿ ಶಟರ್ ಎಳೆಯುತ್ತಿದ್ದೆ. ಗಿರಾಕಿಗಳು ತಮಗೇ ಹೇಳಿದಳೆಂದು ತಿಳಿದು, ಹೂಂ ಎನ್ನುತ್ತಿದ್ದರು.

ಸಂಜೆ ಆಪಾನಿಗೆ ಎಲ್ಲವನ್ನೂ ಹೇಳಬೇಕು. ಕೆಮ್ಮಿದ್ದೊಂದು ಬಿಟ್ಟು ಎಲ್ಲ ಹೇಳುತ್ತಿದ್ದೆ. ಮೊದಲ ತಿಂಗಳು ಆಕೆ ಕೇಳಿದ್ದು ಯಾರು ಬಂದಿದ್ದರು, ಏನು ಕೇಳಿದರು ಎಂದಷ್ಟೇ. ಮೂರನೆಯ ತಿಂಗಳಿಗೆ ಬೇರೆ ಬೇರೆ ಕೇಳತೊಡಗಿದಳು. ಗಲ್ಲಾ ಪೆಟ್ಟಿಗೆ ಯಾವ ಕಡೆಗಿದೆ, ಅಲ್ಲಿ ಕುಳಿತರೆ ರಸ್ತೆ ಕಾಣುತ್ತದೆಯೇ, ಮಧ್ಯಾಹ್ನ ಬಿಸಿಲು ಎಲ್ಲಿಯವರೆಗೆ ಬರುತ್ತದೆ, ಹಿಂದೆ ನೀರಿನ ನಲ್ಲಿ ಇದೆಯೇ, ಹೆಂಗಸರಿಗೆ ಹೋಗಿಬರಲು ಅನುಕೂಲ ಇದೆಯೇ. ನಾನು ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟೆ. ಗಿರಾಕಿಗೆ ಜಾಗದ ಗುಣ ಹೇಳುವ ಹಾಗೆ ಹೇಳಿದೆ. ಘಾಟಬೋರಾಳದ ಮಿಸ್ತ್ರಿಯ ಹೆಂಡತಿ ಒಂದು ದಿನ ಒಂದು ಚೀಲ ಹಸಿ ಕಡಲೆಕಾಯಿ ಹೊತ್ತುಕೊಂಡು ಆಪಾನ ಮನೆಗೆ ಬಂದು ಬಹಳ ಹೊತ್ತು ಕುಳಿತು ಹೋದಳು. ಗೋಡೆಯ ಈಚೆಗೆ ಅವರ ಪಿಸುಮಾತು ಕೇಳುತ್ತಿತ್ತು. ನಾನು ಕ್ಯಾಲೆಂಡರಿನಲ್ಲಿ ಬರೆದೆ: ಮಿಸ್ತ್ರಿ ಹೆಂಡತಿ, ಕಡಲೆಕಾಯಿ. ಯಾಕೆ ಬಂದಿದ್ದಳೆಂದು ಕೇಳಲಿಲ್ಲ.

ಹೆದ್ದಾರಿಯ ಆಚೆ ಟೈರಿನ ಅಂಗಡಿ ಇಟ್ಟಿದ್ದ ಸಾಹುಕಾರ ಗಟ್ಟಿ ಗಿರಾಕಿಯಾಗಿ ನಿಂತ. ಬೆಲೆ ಆಪಾನಿಗೆ ಹೇಳಿದೆ, ಸರಿ ಎಂದಳು. ಕಾಗದ ಇರುವುದು ಇಂಥ ಶುಕ್ರವಾರದವರೆಗೆ ಎಂದು ಅವನಿಗೆ ನಾನೇ ಹೇಳಿದೆ. ಹಾಗಾದರೆ ಹಿಂದಿನ ಗುರುವಾರವೇ ನೋಂದಣಿ ಆಗಿಬಿಡಲಿ, ಆಮೇಲೆ ಆ ಹೆಣ್ಣುಮಗಳನ್ನು ಅಲ್ಲಿಂದ ಇಲ್ಲಿಗೆ ಕರೆತರುವುದು ಬೇಡ ಎಂದು ಅವನು ಸಮಯ ಗೊತ್ತು ಮಾಡಿಸಿದ. ಆಪಾ ಅಕ್ಕಿ ಆರಿಸುತ್ತ ಕುಳಿತಿದ್ದಾಗ ಹೇಳಿದೆ. ಆಕೆಯ ಕೈ ಮೊರದಲ್ಲಿ ನಿಂತಿತು. ಗುರುವಾರ ಬರಲಿ, ನೋಡೋಣ ಎಂದಳು. ಆ ಮಾತಿಗೆ ನಾನು ಕಿವಿ ಕೊಡಲಿಲ್ಲ. ನಾವೆಲ್ಲ ದಿನಕ್ಕೆ ಹತ್ತು ಸಲ ಆಡುವ ಮಾತು ಅದು.

ಆ ವಾರದ ಭಾನುವಾರ ನನ್ನ ತಮ್ಮನ ಮನೆಗೆ ಬೇಮಳಖೇಡಕ್ಕೆ ಹೋದೆ. ಅವರ ಎಮ್ಮೆ ಈದಿತ್ತು, ಗಿಣ್ಣದ ಹಾಲಿಗೆ ಕರೆದಿದ್ದರು. ನಮ್ಮ ಮನೆಯವರೂ ಬಂದರು. ಬುಧವಾರ ಕತ್ತಲಾಗುವ ಹೊತ್ತಿಗೆ ಬಂದೆವು. ಆಪಾನ ಮನೆಯಲ್ಲಿ ದೀಪ ಇರಲಿಲ್ಲ. ಬೇಗ ಮಲಗಿರಬೇಕು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯಲು ಹೊರಟೆ. ಕೈಯಲ್ಲಿ ಕಾಗದಗಳ ಚೀಲ. ಆಪಾನ ಬಾಗಿಲಿಗೆ ಬೀಗ ಇತ್ತು.

ನಾನು ಅದನ್ನು ನೋಡಿದೆ. ಇದನ್ನೇ ಬರೆಯಲು ಇಷ್ಟು ದೂರ ಬಂದಿದ್ದೇನೆ. ನಾಲ್ಕು ತಿಂಗಳಿಂದ ಆ ಚಿಲಕಕ್ಕೆ ಬೀಗ ಬಿದ್ದಿರಲಿಲ್ಲ, ಯಾಕೆಂದರೆ ಒಳಗೆ ಯಾವಾಗಲೂ ಆಕೆ ಇದ್ದಳು. ಹಿತ್ತಾಳೆಯ ಬೀಗ, ಬಿಸಿಲು ಬಿದ್ದು ಹೊಳೆಯುತ್ತಿತ್ತು. ನಾನು ಒಂದು ಕ್ಷಣ ನಿಂತೆ ಕೂಡ. ಆಮೇಲೆ, ಮಂಠಾಳದಿಂದ ಆಕೆಯ ತಂಗಿ ಬಂದಿರಬೇಕು, ಆಪಾ ಸ್ನಾನಕ್ಕೆ ಹೋದಾಗ ಯಾರೂ ಬಾಗಿಲು ತಳ್ಳದಿರಲಿ ಎಂದು ಹೊರಗಿನಿಂದ ಹಾಕಿಕೊಂಡು ಸಂತೆಗೆ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಯಾರು ಹಾಗೆ ಮಾಡುತ್ತಾರೆ? ಫೋನ್ ಮಾಡಬಹುದಿತ್ತು. ಬಸ್ಸಿನ ಹೊತ್ತಾಗಿತ್ತು. ಸಾಹುಕಾರ ಕಾಯುತ್ತಿದ್ದ. ಅದಕ್ಕಿಂತ, ಒಪ್ಪಿಕೊಂಡ ಕೆಲಸವನ್ನು ತಾರೀಖು ಮೀರುವ ಮೊದಲೇ ಮುಗಿಸಿ ಕಾಗದ ಆಕೆಯ ಕೈಗೆ ಒಪ್ಪಿಸಬೇಕು, ನೋಡು ಬಾಯಿ ಎಷ್ಟು ಚೊಕ್ಕ ಮಾಡಿದಳು ಎನ್ನಿಸಿಕೊಳ್ಳಬೇಕು ಎಂಬ ಆಸೆ ಇತ್ತು.

ಹುಮನಾಬಾದಿನ ನೋಂದಣಿ ಕಚೇರಿಯಲ್ಲಿ ಮೇಜಿನ ಹಿಂದಿದ್ದ ಗುಮಾಸ್ತ ಒಂದು ಬೇರೆ ಕಾಗದ ಮುಂದಿಟ್ಟ. ಮುಖ್ತಿಯಾರ್ ಪಡೆದವರು ಮಾರುವಾಗ ಅದನ್ನು ಬರೆದುಕೊಡಬೇಕಂತೆ. ಅಧಿಕಾರ ಕೊಟ್ಟವರು ಈ ದಿನ ಬದುಕಿದ್ದಾರೆ, ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆದಿಲ್ಲ ಎಂದು. ಅವನು ತಲೆ ಎತ್ತದೆ ಕೇಳಿದ.

"ಬರಕೊಟ್ಟವ್ರು ಇದ್ದಾರೇನ್ರಿ?"

"ಅದಾರ್ರಿ."

"ಎಲ್ಲಿ ಅದಾರ?"

"ಮನ್ಯಾಗ," ಎಂದೆ. ಹೇಳುವಾಗಲೇ ಆ ಹಿತ್ತಾಳೆಯ ಬೀಗ ಕಣ್ಣ ಮುಂದೆ ಬಂತು. ಅವನು ಪೆನ್ನಿನ ತುದಿಯಿಂದ ಜಾಗ ತೋರಿಸಿದ. ಸಾಹುಕಾರ ಫ್ಯಾನು ಜೋರು ಮಾಡಿಸಿದ. ಪಟಪಟ ಹಾರುತ್ತಿದ್ದ ಕಾಗದವನ್ನು ಎಡಗೈಯಿಂದ ಒತ್ತಿ ಹಿಡಿದು, ಆಪಾನ ಹೆಸರು ಬರೆದು, ಇವರ ಪರವಾಗಿ ಎಂದು ಕೆಳಗೆ ನನ್ನ ಸಹಿ ಮಾಡಿದೆ. ಹಣ ಆಪಾನ ಖಾತೆಗೆ ಹೋಯಿತು, ಒಂದು ಪೈಸೆ ಆಚೀಚೆ ಆಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಕಿಲೋ ಪೇಢೆ ಕೊಂಡೆ.

ಸಂಜೆ ಬಂದಾಗ ಆಪಾನ ಬಾಗಿಲು ಹಾರು ಹೊಡೆದಿತ್ತು. ಒಳಗೆ ಮಂಠಾಳದ ತಂಗಿ ಚಹಾ ಸೋಸುತ್ತಿದ್ದಳು. ಆಪಾ ಕಂದು ಬಣ್ಣದ ಮೇಲೆ ಸಣ್ಣ ಹಳದಿ ಹೂವಿನ ಸೀರೆ ಉಟ್ಟು ನಿಂತಿದ್ದಳು. ನಾಲ್ಕು ತಿಂಗಳು ಬಿಳಿಯಲ್ಲೇ ನೋಡಿದ್ದ ನನಗೆ ಯಾರೋ ಬೇರೆಯವರು ಎನ್ನಿಸಿತು.

"ಬಾ ಬಾ. ಸೋಮವಾರ ನಿನ್ನ ಬಾಗಿಲ ಬಡದು ಬಡದು ಸಾಕಾಯ್ತು. ಬೀಗ ಜಡದು ಎಲ್ಲಿ ಹೋಗಿದ್ದಿ?"

ನಾನು ಬೇಮಳಖೇಡ ಎಂದೆ. ನೀವೆಲ್ಲಿ ಹೋಗಿದ್ದಿರಿ ಎಂದೆ. ಮಂಠಾಳಕ್ಕೆ ತಂಗಿಯ ಮನೆಗೆ ಹೋಗಿದ್ದಳಂತೆ, ಇದ್ದತ್ ಎದ್ದ ಮೇಲೆ ಮೊದಲ ಸಲ ಹೋಗುವುದು ತವರಿನವರ ಕಡೆಗೆ. ಮಂಗಳವಾರ ಹೋದವಳು ಈಗಷ್ಟೇ ಬಂದಿದ್ದಳು.

"ಇದ್ದತ್ ನಾಳೆತನಕ ಅದಲ್ಲ ಆಪಾ," ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿತು.

"ಯಾವ ನಾಳೆ? ಸೋಮವಾರ ಮುಗೀತು. ಚಾಂದಿನ ಲೆಕ್ಕ ಬಾಯಿ, ನಿಮ್ಮ ಕ್ಯಾಲೆಂಡರಿಂದಲ್ಲ." ತಂಗಿಯ ಕಡೆ ತಿರುಗಿ ನಕ್ಕಳು. "ಇಪ್ಪತ್ತ ವರ್ಷ ಗೋಡಿ ಆಚೆ ಇದ್ದು ಇಷ್ಟೂ ಕಲೀಲಿಲ್ಲ ಈಕಿ."

ಚಂದ್ರನ ತಿಂಗಳು ಕೆಲವು ಇಪ್ಪತ್ತೊಂಬತ್ತು ದಿನ, ಕೆಲವು ಮೂವತ್ತು. ಅದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ನಾನು ಅಮಾವಾಸ್ಯೆಗೆ ಮಷೀನು ಮುಟ್ಟದವಳು, ಏಕಾದಶಿ ಹಿಡಿಯುವವಳು. ನನ್ನ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ತಿಥಿ ಅಚ್ಚಾಗಿದೆ. ನಮ್ಮ ಮನೆಯ ಹಬ್ಬವೆಲ್ಲ ಚಂದ್ರನ ಮೇಲೆಯೇ. ಆದರೆ ಸರಕಾರಿ ಕಾಗದ ಎಂದೊಡನೆ ನನ್ನ ಬೆರಳು ದಪ್ಪ ಅಂಕಿಗಳ ಮೇಲೆಯೇ ಓಡಿತ್ತು. ಅವಳ ದಿನ ಸೋಮವಾರಕ್ಕೆ ಮುಗಿದಿತ್ತು, ನನ್ನ ಕಾಗದ ಶುಕ್ರವಾರದವರೆಗೆ ಬದುಕಿತ್ತು. ನಡುವಿನ ನಾಲ್ಕು ದಿನ ಆಕೆ ಹೊರಗೆ ಬಂದಿದ್ದಳು, ನಾನೂ ಆಕೆಯಾಗಿಯೇ ಹೊರಗೆ ಓಡಾಡುತ್ತಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳತೊಡಗಿದಳು. ಅಂಗಡಿ ಕೊಡುವುದು ಬೇಡ ಎಂದು ಮೊಹರಂ ಹೊತ್ತಿಗೇ ಮನಸ್ಸಿಗೆ ಬಂದಿತ್ತಂತೆ. ಹೊರಗೆ ಬರುವ ಮೊದಲು ಹೇಳಿದರೆ ಮೈದುನರು ಬಂದು ತಲೆ ತಿನ್ನುತ್ತಾರೆಂದು, ನಾನು ಹೇಳಿದ ಬೆಲೆಗೂ ಸರಿ ಎಂದು ಸುಮ್ಮನಿದ್ದಳು. ಮಿಸ್ತ್ರಿಯ ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿ ಅವನನ್ನು ಒಪ್ಪಿಸಿದ್ದಳು. ಕಾಗದ ತನ್ನ ಇದ್ದತ್ತಿನ ಜೊತೆಗೇ ಮುಗಿಯಿತು, ಗುರುವಾರ ತಾನಿಲ್ಲದೆ ಏನೂ ಆಗುವುದಿಲ್ಲ ಎಂದು ನಿಶ್ಚಿಂತೆಯಿಂದ ಮಂಠಾಳದಲ್ಲಿದ್ದಳು.

"ಶನಿವಾರ ಹೋಗೂಣು. ಮಿಸ್ತ್ರಿ ಬರ್ತಾನ. ಆಂವ ಕೆಲಸಾ ಮಾಡ್ಲಿ, ನಾ ಗಲ್ಲಾಮ್ಯಾಲ ಕೂಡ್ತೀನಿ. ಇಷ್ಟ ದಿನಾ ಒಳಗ ಕುಂತು ಕುಂತು ನನಗ ತಿಳೀತು ಬಾಯಿ, ನಂಗ ದಿನಾ ಎಲ್ಲಿಗಾರ ಹೋಗ್ಬೇಕು."

ನನ್ನ ಕೈಯಲ್ಲಿದ್ದ ಪೇಢೆಯ ಡಬ್ಬಿಯನ್ನು ಆಕೆ ನೋಡಿದಳು. ಆಮೇಲೆ ಚೀಲವನ್ನು ನೋಡಿದಳು.

"ಸಹಿ ಆಯ್ತೇನು?"

"ಆಯ್ತು."

"ನಿಂದಾ?"

"ನಂದಾ."

ತಂಗಿ ಚಹಾದ ಬಸಿ ಕೆಳಗಿಟ್ಟಳು. ಆಪಾ ಅದನ್ನು ನನ್ನ ಕಡೆಗೆ ಸರಿಸಿದಳು. ಬೈದಿದ್ದರೆ ನಾನು ಅಳುತ್ತಿದ್ದೆ, ಅತ್ತಿದ್ದರೆ ಮುಗಿಯುತ್ತಿತ್ತೋ ಏನೋ.

"ಹಂಗಾದ್ರ ನಂದೂ ಆಯ್ತು," ಎಂದಳು. "ಚಹಾ ಕುಡಿ, ಆರ್ತದ."

ಶುಕ್ರವಾರ ಬೆಳಿಗ್ಗೆ ನಾನೊಬ್ಬಳೇ ಹುಮನಾಬಾದಿಗೆ ಹೋದೆ. ಕಾಗದಕ್ಕೆ ಇನ್ನೂ ಅಂದಿನ ಒಂದು ದಿನ ಜೀವ ಇತ್ತು, ಅದರಿಂದ ಏನಾದರೂ ಆಗಬಹುದೇನೋ ಎಂಬ ಹುಚ್ಚು. ದಸ್ತಾವೇಜಿನವನಿಗೆ ದಾರಿಯಿಂದಲೇ ಫೋನ್ ಮಾಡಿದೆ. ಮಾರಿದ್ದನ್ನು ಮಾರಿದವರೇ ತಿರುಗಿ ಪಡೆಯಲು ಬರುವುದಿಲ್ಲ, 'ಅಧಿಕಾರ ರದ್ದು' ಎಂದು ಆಕೆ ಯಾವ ದಿನ ಬೇಕಾದರೂ ಒಂದು ಕಾಗದ ಬರೆದು ನಿಲ್ಲಿಸಬಹುದಿತ್ತು, ಬುಧವಾರವಾದರೂ ಸಾಕಿತ್ತು ಎಂದ. ಆ ಮಾತನ್ನು ಅವನು ಮೊದಲು ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಸಾಹುಕಾರ ನನ್ನನ್ನು ಕುರ್ಚಿ ಹಾಕಿ ಕೂಡಿಸಿದ, ನೀರು ಕೊಡಿಸಿದ.

"ಬಾಯಿ, ನಿನ್ನೆ ನೀವೇ ನಕ್ಕೋತ ಸಹಿ ಮಾಡೀರಿ. ಇವತ್ತ ಹಿಂಗಂದ್ರ ಹ್ಯಾಂಗ? ಬೆಳಿಗ್ಗೆನೇ ಕಾಯಿ ಒಡದೀನಿ."

ಶಟರಿನ ಮುಂದೆ ಕಾಯಿಯ ನೀರು ಇನ್ನೂ ಒಣಗಿರಲಿಲ್ಲ. ಒಳಗೆ ನಾಲ್ಕು ಆಳುಗಳು ಹೊಂಡಕ್ಕೆ ಮಣ್ಣು ಸುರಿಯುತ್ತಿದ್ದರು. ಟೈರಿನ ಅಂಗಡಿಗೆ ಹೊಂಡದ ಕೆಲಸವಿಲ್ಲ. ಮಣ್ಣು ಬೀಳುವ ಸದ್ದು, ದಬ್ ದಬ್ ಎಂದು, ಹೊರಗೆ ರಸ್ತೆಯ ತನಕ ಬರುತ್ತಿತ್ತು. ಅದು ತುಂಬುವವರೆಗೂ ನಾನು ಅಲ್ಲೇ ನಿಂತಿದ್ದೆ. ಹೊರಡುವಾಗ ಇನ್ನು ಬರ್ತೀನ್ರಿ ಎನ್ನಲು ನಾಲಿಗೆ ಬರಲಿಲ್ಲ.

ಆಪಾ ನನ್ನ ಜೊತೆ ಮಾತು ಬಿಡಲಿಲ್ಲ. ಈದ್‌ಗೆ ಶೀರ್‌ಖುರ್ಮಾ ಮೊದಲಿನ ಹಾಗೆಯೇ ಗೋಡೆಯ ಮೇಲಿಂದ ಬರುತ್ತದೆ, ನನ್ನ ಹೋಳಿಗೆ ಅತ್ತ ಹೋಗುತ್ತದೆ. ಹಣ ಬ್ಯಾಂಕಿನಲ್ಲಿದೆ, ತಿಂಗಳ ಬಡ್ಡಿಯಲ್ಲಿ ಆಕೆಯ ಮನೆ ನಡೆಯುತ್ತದೆ. ನೋಡಿದವರು ಆಕೆಗೆ ಒಳ್ಳೆಯದೇ ಆಯಿತು ಎನ್ನುತ್ತಾರೆ. ಆದರೆ ದಿನಾ ಎಲ್ಲಿಗಾದರೂ ಹೋಗಬೇಕು ಎಂದವಳು ಎಲ್ಲಿಗೂ ಹೋಗುವುದಿಲ್ಲ. ಎಂಟು ಗಂಟೆಯ ಹೊತ್ತಿಗೆ ಅಂಗಳಕ್ಕೆ ಬಂದು ಓಣಿಯ ತುದಿಯ ತನಕ ನೋಡುತ್ತಾಳೆ, ಒಳಗೆ ಹೋಗುತ್ತಾಳೆ. ತರಕಾರಿ ಬಾಗಿಲಿಗೇ ಬರುತ್ತದೆ. ಅವರ ಧರ್ಮ ಕೇಳಿದ ದಿನಗಳು ಎಂದೋ ಮುಗಿದವು, ಈಗಿನವು ನಾನು ಕೊಟ್ಟವು. ಹಾಗೆಂದು ಆಕೆ ಒಮ್ಮೆಯೂ ಅಂದಿಲ್ಲ. ನಾನು ಮಷೀನು ತುಳಿಯುವಾಗ, ಕಿರಾಣಿ ಅಂಗಡಿಯಲ್ಲಿ ನಿಂತಾಗ, ಬಿಸಿಲಿನಲ್ಲಿ ಬಟ್ಟೆ ಹರವುವಾಗ ಬೆನ್ನ ಹಿಂದೆ ಯಾರೋ ತಲೆ ಎತ್ತದೆ ಕೇಳುತ್ತಾರೆ, ಬರಕೊಟ್ಟವ್ರು ಇದ್ದಾರೇನ್ರಿ. ತಿರುಗಿ ನೋಡುವುದನ್ನು ಈಗ ಬಿಟ್ಟಿದ್ದೇನೆ. ಅದಾರ್ರಿ ಎಂದು ಮನಸ್ಸಿನಲ್ಲೇ ಹೇಳುತ್ತೇನೆ. ಎಲ್ಲಿ ಎಂಬ ಮುಂದಿನ ಪ್ರಶ್ನೆ ಬರುವ ಮೊದಲು ಏನಾದರೂ ಸದ್ದು ಮಾಡುತ್ತೇನೆ.

ಈ ಚಳಿಗಾಲದಲ್ಲಿ ಹುಮನಾಬಾದಿನ ಬ್ಯಾಂಕಿನವರು ಖಾತೆದಾರರೇ ಖುದ್ದಾಗಿ ಬಂದು ಹೆಬ್ಬೆಟ್ಟು, ಫೋಟೋ ಕೊಡಬೇಕು ಎಂದು ಪತ್ರ ಹಾಕಿದರು. ಆಪಾ ಹೋಗಲೇಬೇಕಾಯಿತು. ನೀನೂ ಬಾ ಎಂದಳು. ಬ್ಯಾಂಕಿನಲ್ಲಿ ಅರ್ಧ ಗಂಟೆಯ ಕೆಲಸ. ಹೊರಗೆ ಬಂದು, ನಡೆದೇ ಹೋಗೋಣ ಎಂದು ಆಕೆಯೇ ಹೆದ್ದಾರಿಯ ಕಡೆಗೆ ತಿರುಗಿದಳು. ನಾನು ಬೇಡ ಎನ್ನಲಾರದೆ ಜೊತೆಗೆ ಹೋದೆ. ಅಂಗಡಿಯ ಮುಂದೆ ಟೈರುಗಳ ಗೋಪುರ ಕಟ್ಟಿದ್ದರು, ನೀಲಿ ಬೋರ್ಡು ಹಾಕಿದ್ದರು. ಆಪಾ ಬುರ್ಖಾದ ಒಳಗಿಂದ ಬಹಳ ಹೊತ್ತು ನೋಡಿದಳು. ಗಲ್ಲಾ ಎಲ್ಲಿತ್ತು ಎಂದು ಕೇಳಿದಳು. ತೋರಿಸಿದೆ. ಅಲ್ಲಿ ಈಗ ಗಾಳಿ ತುಂಬುವ ಮಷೀನು ಇತ್ತು. ಹೌದು, ರಸ್ತೆ ಕಾಣಿಸ್ತದ ಎಂದಳು.

ಪಕ್ಕದ ಚಹಾದ ಗಾಡಿಯವನು ನನ್ನನ್ನು ಗುರುತಿಸಿ ಬೆಂಚು ಒರೆಸಿದ. ಬಹಳ ದಿನಕ್ಕೆ ಬಂದ್ರಿ ಮಾಲಕ್ರು ಎಂದ. ಆ ನಾಲ್ಕು ತಿಂಗಳಲ್ಲಿ ಅವನು ಕಂಡದ್ದು ನನ್ನನ್ನು ಮಾತ್ರ. ಶಟರ್ ಎತ್ತಿದವಳು, ಬಿಲ್ಲು ಕಟ್ಟಿದವಳು, ಗಿರಾಕಿಗೆ ಜಾಗ ತೋರಿಸಿದವಳು, ಮಾರಿದವಳು ಎಲ್ಲ ನಾನೇ. ಜಾಗ ಯಾರೋ ಹೆಂಗಸಿನ ಹೆಸರಲ್ಲಿದೆ ಎಂದು ಮಿಸ್ತ್ರಿಯಿಂದ ಕೇಳಿದ್ದನಂತೆ, ಆ ಹೆಂಗಸು ನಾನೇ ಎಂದು ಎರಡು ವರ್ಷದಿಂದ ನಂಬಿದ್ದ. ಆಪಾನ ಕೈಗೆ ಗ್ಲಾಸು ಕೊಡುತ್ತ ಅವನು ನನ್ನ ಗುಣ ಹೇಳತೊಡಗಿದ.

"ಈ ಜಾಗಾ ಇವರದೇ ಇತ್ತು ಅಮ್ಮಾ. ಪಾಪ, ಭಾಯಿ ಇವರ ಜಾಗಾದಾಗ ಮೂವತ್ತ ವರ್ಷ ದುಡದ್ರು, ಒಂದ ದಿನಾ ತಕರಾರ ಮಾಡ್ಲಿಲ್ಲ ಇವ್ರು. ನೀವು ಯಾರ್ರಿ?"

ನಾನು ಗ್ಲಾಸು ಬೆಂಚಿನ ಮೇಲಿಟ್ಟೆ. ಹೇಳಬೇಕೆಂದು ಬಾಯಿ ತೆರೆದೆ. ಆಪಾ ಮುಖದ ಪರದೆ ಒಂದಿಷ್ಟು ಎತ್ತಿ, ಒಂದು ಗುಟುಕು ಕುಡಿದು, ಅವನಿಗೆ ನಿಧಾನವಾಗಿ ಹೇಳಿದಳು.

"ನಾ ಇವರ ಬಾಜೂಮನಿಯಾಕಿ."